ಸೇತುವೆ ದಾಟಿ ಬಂದ ಜೀವಗಳಿಗೆ ಪಂಜರದಕ್ಕ

ಬೆಳಕು ಹರಿಯುವ ಹೊತ್ತಿಗೆ ಅವರು ನದಿ ಸೇತುವೆಯ ಈಚೆ ತುದಿಯ ತಪಾಸಣಾ ಠಾಣೆಯ ಹಿಂದಿರುವ ಉದ್ದನೆಯ ಕೋಣೆಯ ಬೀಗ ತೆಗೆಯುತ್ತಾರೆ. ದೀಪ ಹಾಕುವ ಮೊದಲು ಹೊಸ್ತಿಲಲ್ಲೇ ನಿಂತು, "ನಾನೇ ಕಣ್ರೋ, ಹೆದರ್ಕೋಬೇಡಿ" ಎನ್ನುತ್ತಾರೆ. ಒಳಗಿನಿಂದ ರೆಕ್ಕೆ ಬಡಿದ ಸದ್ದು, ತಗಡಿನ ಮೇಲೆ ಉಗುರು ಕೆರೆದ ಸದ್ದು. ನೀರಿನ ಬಟ್ಟಲು ತೊಳೆದು, ಹಾಸಿದ ಹಳೇ ಪೇಪರು ಬದಲಿಸಿ, ಸೊಪ್ಪು ಹೆಚ್ಚಲು ಕೂರುತ್ತಾರೆ. ನಡುವೆ ಎದ್ದು ಹೋಗಿ, ಹೆಬ್ಬಾವಿನ ಗಾಜಿನ ಪೆಟ್ಟಿಗೆ ಬೆಚ್ಚಗಿದೆಯೇ ಎಂದು ಅಂಗೈಯಿಟ್ಟು ನೋಡುತ್ತಾರೆ. ಠಾಣೆಯಲ್ಲಿ ಎಲ್ಲರಿಗೂ ಇವರು ಪಂಜರದಕ್ಕ.

ನದಿಯ ಆಚೆ ದಡದಲ್ಲಿ ಪರವಾನಗಿ ಇದ್ದರೆ ಹೆಬ್ಬಾವು, ಪುಟ್ಟ ಕೋತಿ, ಉಡದಂತಿರುವ ಹಸಿರು ಇಗ್ವಾನಾ ಎಲ್ಲವನ್ನೂ ಮನೆಯಲ್ಲಿ ಸಾಕಬಹುದು. ಈಚೆ ದಡದ ಕಾನೂನೇ ಬೇರೆ. ಇಲ್ಲಿ ಪರವಾನಗಿಯ ಮಾತೇ ಇಲ್ಲ, ಸಾಕುವುದೇ ಅಪರಾಧ. ಮನೆ ಬದಲಿಸುವವರು ಹಾಸಿಗೆ, ಪಾತ್ರೆಗಳ ಜೊತೆ ಇವನ್ನೂ ಲಾರಿಯಲ್ಲಿಟ್ಟುಕೊಂಡು ಸೇತುವೆ ದಾಟುತ್ತಾರೆ. ಸಿಕ್ಕಿಬಿದ್ದದ್ದು ಈ ಕೋಣೆ ಸೇರುತ್ತದೆ. ಒಂದು ತಿಂಗಳೊಳಗೆ ಆಚೆ ದಡದ ಪರವಾನಗಿದಾರರು ಬಂದು ಒಯ್ಯಬೇಕು, ಇಲ್ಲವೇ ಮೃಗಾಲಯ ಒಪ್ಪಬೇಕು. ಎರಡೂ ಆಗದಿದ್ದರೆ ಪಶುವೈದ್ಯರು ಸೂಜಿಯೊಂದಿಗೆ ಬರುತ್ತಾರೆ.

"ಡಾಕ್ಟ್ರು ಚುಚ್ಚಿ ಹೋಗ್ತಾರೆ. ಹಿಡ್ಕೊಳ್ಳೋಳು ನಾನು" ಎನ್ನುತ್ತಾರೆ ಪಂಜರದಕ್ಕ, ಸೊಪ್ಪಿನಿಂದ ತಲೆಯೆತ್ತದೆ.

ಗಂಡ ತೀರಿಕೊಂಡ ಮೇಲೆ ಕಸ ಗುಡಿಸಲು ಠಾಣೆಗೆ ಸೇರಿದವರು ಇವರು. ಪ್ರಾಣಿ ನೋಡಿಕೊಳ್ಳುತ್ತಿದ್ದವನು ಕೋತಿ ಕಚ್ಚಿದ್ದೇ ನೆಪವಾಗಿ ಕೆಲಸ ಬಿಟ್ಟ. ಅವತ್ತು ಹಸಿದವಕ್ಕೆ ಒಂದು ಹಿಡಿ ಹಾಕಿದ್ದೇ ತಡ, ಆ ಕೆಲಸ ಇವರ ಕೊರಳಿಗೆ ಬಿತ್ತು. ಮುಂಗೈ ತುಂಬ ಗೀರುಗಳು. ಮನೆಗೆ ಹೋದರೆ ಮಗಳು ಬಾಗಿಲಲ್ಲೇ ಮೂಗು ಮುಚ್ಚುತ್ತಾಳೆ. "ಅವಳದೇನು ತಪ್ಪು ಬಿಡಿ, ನನ್ ವಾಸ್ನೆ ನನಗೇ ತಡ್ಯಕ್ಕಾಗಲ್ಲ" ಎಂದು ನಗುತ್ತಾರೆ.

ಕಳೆದ ಚಳಿಗಾಲದಲ್ಲಿ ವಯಸ್ಸಾದ ದರ್ಜಿಯೊಬ್ಬರು ಮಗಳ ಮನೆಗೆಂದು ಸೇತುವೆ ದಾಟಿದರು. ಹೊಲಿಗೆ ಯಂತ್ರದ ಪಕ್ಕ ಬುಟ್ಟಿಯಲ್ಲಿ ಇಗ್ವಾನಾ ಇತ್ತು. ಆಚೆಯ ಪರವಾನಗಿ ಪತ್ರ ಹಿಡಿದು, "ಎಲ್ಲಾ ಸರಿಯಾಗಿದೆಯಲ್ಲ ಸ್ವಾಮಿ" ಎಂದು ಕೇಳುತ್ತಲೇ ಇದ್ದರು. ಮೃಗಾಲಯದವರು ತಮ್ಮಲ್ಲಿ ಜಾಗವಿಲ್ಲ ಎಂದರು. ಗಡುವು ಮುಗಿಯುತ್ತಾ ಬಂತು. ಪಂಜರದಕ್ಕ ದರ್ಜಿಗೆ ಫೋನು ಮಾಡಿದರು.

"ಅಣ್ಣಾ, ಆಚೆ ಕಡೆ ನಿಮ್ಮವರು ಅಂತ ಯಾರೂ ಇಲ್ವಾ?"

"ತಮ್ಮ ಇದಾನೆ. ಅವನಿಗೂ ನನಗೂ ಮಾತಿಲ್ಲ. ಅಪ್ಪನ ಅಂಗಡಿ ಪಾಲಾದಾಗಿಂದ ಮುಖ ನೋಡಿಲ್ಲ. ಅವನ ಮುಂದೆ ಹೋಗಿ ಕೈ ಚಾಚ್ಲಾ?"

"ನೀವು ಕೈ ಚಾಚದಿದ್ರೆ ನಾಡಿದ್ದು ಅದರ ಕುತ್ತಿಗೆ ಹಿಡಿಯೋ ಕೈ ನಂದಣ್ಣ."

ದರ್ಜಿ ಫೋನು ಇಟ್ಟೇಬಿಟ್ಟರು.

ಮರುದಿನ ಸಂಜೆ ತಮ್ಮನೇ ಬಂದ. ರಾತ್ರಿ ಅಣ್ಣನ ಫೋನು ಬಂದದ್ದೇ, ಬೆಳಿಗ್ಗೆ ಕಚೇರಿಗೆ ಹೋಗಿ ಪರವಾನಗಿ ಮಾಡಿಸಿಕೊಂಡೇ ಬಂದಿದ್ದ. ಸ್ವಲ್ಪ ಹೊತ್ತಿಗೆ ಅಣ್ಣನೂ ಬಂದರು. ಪಂಜರದ ಆ ಬದಿಗೊಬ್ಬರು, ಈ ಬದಿಗೊಬ್ಬರು ನಿಂತರು. ಪಂಜರದಕ್ಕ ನೆಲ ಒರೆಸುವವರಂತೆ ಬಗ್ಗಿಕೊಂಡೇ ಇದ್ದರಂತೆ. ಕೊನೆಗೆ ತಮ್ಮ ಕೇಳಿದ: "ಇದು ಏನು ತಿನ್ನುತ್ತೆ?"

"ಸೊಪ್ಪು. ದಂಟು ತೆಗೆದು ಕೊಡು" ಎಂದರು ಅಣ್ಣ. ಅಷ್ಟೇ ಹೇಳಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಈಗ ಭಾನುವಾರ ಬಂದರೆ ಸೇತುವೆ ದಾಟಿ ತಮ್ಮನ ಮನೆಗೆ ಹೋಗುತ್ತಾರೆ. ಹೋಗುವಾಗ ಠಾಣೆಯ ಕಿಟಕಿಯತ್ತ ಕೈಯೆತ್ತುತ್ತಾರೆ.

ಎಲ್ಲಕ್ಕೂ ಇಂಥ ತಮ್ಮಂದಿರು ಸಿಗುವುದಿಲ್ಲ. ಹೋದ ತಿಂಗಳು ಒಂದು ಪುಟ್ಟ ಕೋತಿಗೆ ಯಾರೂ ಬರಲಿಲ್ಲ. ಸಾಕಿದವರ ಫೋನು ಕೊನೆಯವರೆಗೂ ಆಫ್ ಆಗಿತ್ತು. ಆ ದಿನದ ಬಗ್ಗೆ ಕೇಳಿದರೆ ಪಂಜರದಕ್ಕ ಖಾಲಿ ಪಂಜರವೊಂದರ ಬಾಗಿಲು ಒರೆಸುತ್ತಾ ಹೇಳುತ್ತಾರೆ: "ನನ್ನ ಬೆರಳು ಹಿಡ್ಕೊಂಡಿತ್ತು. ಬಿಡಿಸ್ಕೊಳ್ಳಲಿಲ್ಲ ನಾನು. ತಣ್ಣಗಾಗೋವರೆಗೂ ಹಂಗೇ ಕೂತಿದ್ದೆ."

ಸರ್ಕಾರದಿಂದ ಏನು ಕೇಳುತ್ತೀರಿ ಎಂದರೆ ಕೈ ಒರೆಸಿಕೊಂಡು ಯೋಚಿಸುತ್ತಾರೆ.

"ಆಚೆ ಕಡೆ, ಸೇತುವೆ ಹತ್ತೋ ಜಾಗದಲ್ಲಿ ಒಂದು ಬೋರ್ಡು ಹಾಕಿಸ್ಲಿ. ಇಂಥಿಂಥದ್ದು ಈಚೆಗೆ ತರೋ ಹಾಗಿಲ್ಲ ಅಂತ ದೊಡ್ಡದಾಗಿ ಬರೆಸ್ಲಿ. ಅಲ್ಲೇ ಗೊತ್ತಾದ್ರೆ ನೆಂಟರಿಗೋ ಸ್ನೇಹಿತರಿಗೋ ಕೊಟ್ಟು ಬರ್ತಾರೆ. ಈ ಕೋಣೆ ಪೂರ್ತಿ ಖಾಲಿ ಇರೋದನ್ನ ಒಂದ್ಸಲ ನೋಡ್ಬೇಕು. ಅವತ್ತು ರಜಾ ಹಾಕಿ, ಮನೇಲಿ ಕಣ್ತುಂಬ ನಿದ್ದೆ ಮಾಡ್ತೀನಿ."