ಅತ್ತೆಯ ಮೂಗು, ಮಾವನ ಮೇಣ

ನಾನು ಸೊಸೆಯಾಗಿ ಈ ಮನೆಗೆ ಕಾಲಿಟ್ಟ ದಿನ ಮೊದಲು ಮೂಗಿಗೆ ಬಡಿದದ್ದು ಹಿತ್ತಲಿನ ಟರ್ಪೆಂಟೈನ್ ವಾಸನೆ. ಮಾವ ಹಳೇ ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಮಾಡುವವರು. ಅಂಗಡಿಯಲ್ಲಿ ಸಿಗುವ ಸಿದ್ಧ ಮೇಣ ಕಂಡರೆ ಅವರಿಗಾಗದು. ಜೇನುಮೇಣದ ಪಾತ್ರೆಯನ್ನು ಕುದಿಯುವ ನೀರಿನಲ್ಲಿಟ್ಟು ಕರಗಿಸಿ, ಒಲೆಯಿಂದ ದೂರ ಹಿತ್ತಲಿಗೆ ತಂದು, ಆಮೇಲೆ ಟರ್ಪೆಂಟೈನ್ ಬೆರೆಸುತ್ತಾರೆ. ಟರ್ಪೆಂಟೈನ್ ಅಸಲಿಯೋ ಕಲಬೆರಕೆಯೋ ಎಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿಯೇ ಹೇಳಿಬಿಡುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಆದರೆ ಈ ವಿಷಯದಲ್ಲಿ ಮಾತ್ರ ಮೊಲಕ್ಕೆ ನಿಜವಾಗಿಯೂ ಮೂರೇ ಕಾಲಿರುತ್ತಿತ್ತು.

ಅತ್ತೆಗೆ ಆ ವಾಸನೆ ಬಂತೆಂದರೆ ತಲೆನೋವು. ಮದುವೆಯಾಗಿ ಮೂವತ್ತೆರಡು ವರ್ಷ, ಮಾವನ ಕೆಲಸದ ಅಂಗಿ ಒಂದು ದಿನವೂ ಒಳಗಿನ ಗೂಟ ಕಂಡಿಲ್ಲ.

“ಅಲ್ಲೇ ಬಿಚ್ಚಿಟ್ಟು ಬನ್ರೀ, ನಾರ್ತೀರ!” ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಮಾವ ನಕ್ಕು ಅಲ್ಲೇ ಗುಂಡಿ ಬಿಚ್ಚುತ್ತಿದ್ದರು. ಆ ಮಾತು ಅವರಿಗೆ ನಾಟುತ್ತಿತ್ತೆಂದು ನನಗೆ ಗೊತ್ತು.

ಹೋದ ವರ್ಷ ಮಾವನಿಗೆ ಜ್ವರ ಬಂತು. ಹೋಗುವಾಗ ಅವರ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತು. ಪುಣ್ಯಾತ್ಮ, ಯಾರಿಗೂ ಬಾಯಿ ಬಿಡಲಿಲ್ಲ! ಮೊದಲಿನಂತೆಯೇ ಡಬ್ಬಿ ಮೂಸುವುದು, “ಹ್ಞಾಂ, ಚೆನ್ನಾಗಿದೆ” ಎನ್ನುವುದು. ಹಾಗೆ ಮೂಸಿ ತಂದ ಮಾಲಿನಿಂದ ಮೇಣ ಮಾಡಿ ಗ್ರಂಥಾಲಯದ ಉದ್ದನೆಯ ಮೇಜಿಗೆ ಹಚ್ಚಿ ಬಂದರು. ಮೂರು ದಿನವಾದರೂ ಅದು ಆರಲಿಲ್ಲ. ಓದುವವರ ಮೊಣಕೈ ಅಂಟಿತು, ಪತ್ರಿಕೆಗಳು ಅಂಟಿದವು. ಗ್ರಂಥಪಾಲಕರು ಹೇಳಿಕಳಿಸಿದರು.

ಹೋಗಿ ನೋಡಿ ಬಂದ ಮಾವ ಬಟ್ಟೆ, ಬ್ರಷ್ಷು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬತೊಡಗಿದರು.

“ನಂಗೆ ವಾಸನೆನೇ ಗೊತ್ತಾಗಲ್ಲ ಕಣೇ. ಇನ್ನು ಈ ಕೆಲ್ಸ ಸಾಕು,” ಎಂದು ಅತ್ತೆಗೆ ಹೇಳಿ ಚೀಲದ ಬಾಯಿ ಕಟ್ಟಿದರು. ನನಗಂತೂ ಅಳುವೇ ಬಂತು.

ಅತ್ತೆ ಅಳುವ ಪೈಕಿಯಲ್ಲ. ಟರ್ಪೆಂಟೈನ್ ಡಬ್ಬಿ ಎತ್ತಿ ಮೂಸಿದರು. “ಅಯ್ಯೋ ದೇವ್ರೇ, ಇದು ಅದಲ್ವೇ ಅಲ್ಲ! ಅರ್ಧಕ್ಕರ್ಧ ಸೀಮೆಎಣ್ಣೆ! ಮೂವತ್ತೆರಡು ವರ್ಷ ತಲೆ ನೋಯಿಸ್ಕೊಂಡಿದೀನಿ, ನಂಗೊತ್ತಾಗಲ್ವೇನ್ರೀ? ಏಳಿ, ನಡೀರಿ.”

ಬಣ್ಣದ ಅಂಗಡಿಗೆ ನಾನೂ ಹೋದೆ. ಇಂಥ ತಮಾಷೆ ಬಿಡುವುದುಂಟೆ? ಅತ್ತೆ ಸೆರಗು ಸಿಕ್ಕಿಸಿ ಒಂದೊಂದೇ ಡಬ್ಬಿ ಮೂಸಿದರು.

“ಎಲ್ಲಾ ಒಂದೇ ಮಾಲು, ಅಮ್ಮ,” ಎಂದ ಅಂಗಡಿಯವನು.

“ಒಂದೇ ಆದ್ರೆ ಒಳಗೆ ಬಚ್ಚಿಟ್ಟಿರೋದನ್ನ ತೆಗೀಪ್ಪಾ.”

ಐದನೆಯ ಡಬ್ಬಿ ತೆಗೆದದ್ದೇ ಅತ್ತೆ ಹಣೆ ಹಿಡಿದುಕೊಂಡರು. “ಇದೇ! ಇದೇ ಆ ಹಾಳು ವಾಸನೆ!”

ಆ ಟರ್ಪೆಂಟೈನಿನಲ್ಲೇ ಬಟ್ಟೆ ನೆನೆಸಿ ಮಾವ ಮೇಜಿನ ಅಂಟನ್ನೆಲ್ಲ ಒರೆಸಿ ತೆಗೆದರು. ಹೊಸ ಮೇಣ ಮಾಡಿ ಹಚ್ಚಿ, ಮುಖ ಕಾಣುವ ಹಾಗೆ ಉಜ್ಜಿದರು. ಸಂಜೆ ಮನೆಗೆ ಬಂದವರು ಬಾಗಿಲಲ್ಲೇ ನಿಂತು, “ಹೇಗಿದೆ, ನೋಡೇ,” ಎಂದು ಅಳುಕುತ್ತ ತೋಳು ಚಾಚಿದರು.

ಅತ್ತೆ ಅಂಗಿಯ ತೋಳು ಹಿಡಿದು ಮೂಸಿದರು.

“ನಾರ್ತೀರ,” ಎಂದರು.

ಮಾವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲೇ ಇಲ್ಲ. ಅಭ್ಯಾಸದಂತೆ ಗುಂಡಿ ಬಿಚ್ಚಲು ಹೋದರು. ಅತ್ತೆ ತೋಳು ಬಿಡಲಿಲ್ಲ.

“ಇರ್ಲಿ, ಹಾಗೇ ಒಳಗೆ ಬನ್ನಿ. ಊಟ ಆರೋಗುತ್ತೆ.”