ಸನ್ಮಾನದ ಮರುದಿನ

ನಿನ್ನೆ ಮುಂಜಾನೆ ಅಂಗಡಿಯಲ್ಲಿ ಶಾಲುಗಳ ಹೊಸ ಗಂಟು ಬಿಚ್ಚಿದೆ. ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಆ ವಾಸನೆಗೆ ನಿಮಗೆ ಅಜ್ಜಿಯ ಟ್ರಂಕು ನೆನಪಾಗಬಹುದು. ನನಗೆ ನೆನಪಾಗುವುದು ಭಾಷಣ. ಗಂಗಾವತಿಯ ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಕೂದಲು ಬೆಳ್ಳಗಾಗಿಸಿಕೊಂಡ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ತಮಗೆ ಹೊದೆಯಲು ಶಾಲು ಕೊಳ್ಳುವವರು ನಮ್ಮಲ್ಲಿ ಕಡಿಮೆ, ಇನ್ನೊಬ್ಬರಿಗೆ ಹೊದಿಸಲು ಕೊಳ್ಳುವವರೇ ಹೆಚ್ಚು. ನಮ್ಮದು ಮೊದಲೇ ಬಿಸಿಲೂರು, ಮೇಲೆ ಅಕ್ಕಿ ಮಿಲ್ಲುಗಳ ಉಗಿ ಬೇರೆ. ಆದರೂ ನನ್ನ ಅಂಗಡಿಯಲ್ಲಿ ನಡುಬೇಸಿಗೆಯಲ್ಲೂ ಶಾಲು ಖರ್ಚಾಗುತ್ತದೆ.

ಗಂಟು ಬಿಚ್ಚುತ್ತಿರುವಾಗಲೇ ಮಂಜುನಾಥ ಬಂದ. ನಮ್ಮೂರ ಫುಟ್‌ಬಾಲ್ ಕ್ಲಬ್ಬಿಗೆ ಅವನು ಹೊಸ ಕಾರ್ಯದರ್ಶಿ, ನಾನು ಹಳೆಯ ಅಧ್ಯಕ್ಷ. ಹೇಗೆ ಅಧ್ಯಕ್ಷನಾದೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಇನ್ನೂ ಯಾಕೆ ಇದ್ದೇನೆ ಎಂದು ಮಾತ್ರ ಕೇಳಬೇಡಿ.

"ಕಾಕಾ, ಒಂದು ಶಾಲು ಬೇಕಾಗಿತ್ರಿ. ಸ್ವಲ್ಪ ಛಲೋದು ತಗೀರಿ, ದೊಡ್ಡೋರಿಗೆ" ಎಂದ.

ಯಾರಿಗೆ ಎಂದು ಕೇಳುವ ಪದ್ಧತಿ ನನ್ನ ವ್ಯಾಪಾರದಲ್ಲಿಲ್ಲ. ಕೇಳಿದರೆ ಸನ್ಮಾನಕ್ಕೆ ನಮ್ಮನ್ನೂ ಕರೆಯುತ್ತಾರೆ, ಹೋಗಬೇಕಾಗುತ್ತದೆ. ಕೆನೆಬಣ್ಣದ್ದು, ಜರಿ ಅಂಚಿನದು ಒಂದನ್ನು ತೆಗೆದೆ. ಮಂಜು ಅದನ್ನು ಕೈಯಲ್ಲಿ ಹಿಡಿದು ನೋಡಿದ. "ಒಮ್ಮೆ ನೀವ ಹೊದ್ಕೊಂಡು ತೋರಸ್ರಿ ಕಾಕಾ, ಹೆಂಗ ಕಾಣತೈತಿ ನೋಡೂಣು" ಎಂದ. ಗಿರಾಕಿ ಕೇಳಿದ ಮೇಲೆ ಮುಗಿಯಿತಲ್ಲ, ಹೊದ್ದು ತೋರಿಸಿದೆ. ಅವನು ತಲೆ ಓರೆ ಮಾಡಿ ನೋಡಿ, "ಭಾಳ ಒಪ್ಪತೈತಿ, ಕಟ್ರಿ" ಎಂದ. ಹೋಗುವಾಗ ಬಾಗಿಲಲ್ಲಿ ನಿಂತು, "ಕಾಕಾ, ಬಾಲಿನಾಗ ಗಾಳೀನ ಇಲ್ರಿ. ಒದ್ದರ ಧಪ್ ಅಂತ ಅಲ್ಲೇ ಬೀಳತೈತಿ" ಎಂದು ಸೇರಿಸಿದ. "ಮೀಟಿಂಗಿನಾಗ ಇಡೂಣು ತಗೋ" ಎಂದೆ. ಈ ಮಾತನ್ನು ನಾನು ಬಹಳ ದಿನಗಳಿಂದ ಹೇಳುತ್ತಾ ಬಂದಿದ್ದೇನೆ.

ಶಾಲು, ಚೆಂಡು, ಗಾಳಿ ಇವೆಲ್ಲ ಒಂದೇ ಹೊತ್ತಿಗೆ ಕಿವಿಗೆ ಬಿದ್ದರೆ ನನಗೆ ಖಾಜಾಸಾಬರು ನೆನಪಾಗಲೇಬೇಕು. ಸೈಕಲ್ ರಿಪೇರಿ ಅಂಗಡಿಯ ಖಾಜಾಸಾಬರು, ಊರಿಗೆಲ್ಲ ಉಸ್ತಾದರು. ನಾನು ಚಡ್ಡಿ ಹಾಕುವ ಕಾಲದಿಂದಲೂ ನಮ್ಮೂರ ತಂಡದ ಕೋಚು, ಮ್ಯಾನೇಜರು, ಡಾಕ್ಟರು ಎಲ್ಲಾ ಅವರೇ. ಬೆಳಗಿನ ನಮಾಜು ಮುಗಿಸಿ, ಒಂದು ಬಗಲಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಸೈಕಲ್ ಪಂಪು ಹಿಡಿದು ಕಾಲುವೆ ಕಡೆಯ ಮೈದಾನಕ್ಕೆ ಬರುತ್ತಿದ್ದರು. ಮೊದಲು ಕೂತು ಚೆಂಡಿಗೆ ಗಾಳಿ ಹೊಡೆಯುವುದು, ಹೆಬ್ಬೆರಳಿನಿಂದ ಒತ್ತಿ ನೋಡುವುದು, ಮತ್ತೆರಡು ಸಲ ಹೊಡೆಯುವುದು. ಆಮೇಲೆಯೇ ಆಟ. ಹೆಂಡತಿ ತೀರಿಕೊಂಡಿದ್ದರು, ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಆ ಮೈದಾನವೊಂದನ್ನು ಬಿಟ್ಟರೆ ಆ ಮನುಷ್ಯನಿಗೆ ಬೆಳಗಾಗಲು ಬೇರೆ ಕಾರಣವಿರಲಿಲ್ಲ.

ನಾನೂ ಅವರ ಕೈಕೆಳಗೆ ಆಡಿದವನೇ, ಗೋಲ್‌ಕೀಪರ್ ಆಗಿ. ನಗಬೇಡಿ. ನನ್ನನ್ನು ಆರಿಸಿದ್ದು ಚುರುಕುತನಕ್ಕಲ್ಲ, ಅಗಲಕ್ಕೆ. "ಬೇಟಾ, ನೀ ಏನೂ ಮಾಡಬ್ಯಾಡ. ಬರೇ ನಿಂದ್ರು. ಬಾಲ್ ತಾನ ಬಂದು ನಿನಗ ಬಡೀತೈತಿ" ಎಂದಿದ್ದರು. ಆ ಉಪದೇಶವನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಕ್ಲಬ್ಬಿನ ಕುರ್ಚಿಯಲ್ಲೂ ಅದನ್ನೇ ಪಾಲಿಸಿಕೊಂಡು ಬಂದಿದ್ದೇನೆ.

ಉಸ್ತಾದರ ಕಾಲದಲ್ಲಿ ನಾವು ಗೆಲ್ಲುತ್ತಿರಲಿಲ್ಲ ಎಂದಲ್ಲ. ಕುಷ್ಟಗಿಯವರನ್ನು ಆಗೊಮ್ಮೆ ಈಗೊಮ್ಮೆ ಸೋಲಿಸುತ್ತಿದ್ದೆವು. ಕೊಪ್ಪಳದವರ ಕೈಯಲ್ಲಿ ಮಾತ್ರ ತಪ್ಪದೆ ಸೋಲುತ್ತಿದ್ದೆವು. "ಅವರು ಜಿಲ್ಲಾದವರು, ನಮ್ಮ ಕಾಗದಪತ್ರ ಎಲ್ಲಾ ಅವರ ಕಡೀನ ಇರತಾವ. ಗೆಲ್ಲಲಿ ಬಿಡ್ರಿ" ಎನ್ನುತ್ತಿದ್ದರು ಉಸ್ತಾದರು. ಊರು ಈ ತರ್ಕವನ್ನು ಒಪ್ಪಿಕೊಂಡು ಆರಾಮಾಗಿತ್ತು. ಕೆಟ್ಟದ್ದು ಯಲಬುರ್ಗಾ ಪಂದ್ಯದಿಂದ.

ಕೆಲವು ವರ್ಷಗಳ ಹಿಂದಿನ ಮಾತು. ಪಂದ್ಯ ನಮ್ಮ ಮೈದಾನದಲ್ಲೇ. ಅರ್ಧ ಆಟ ಮುಗಿದಾಗ ನಾವು ಒಂದು ಗೋಲು ಮುಂದೆ ಇದ್ದೆವು. ಹೊಡೆದವನು ಶರಣ, ನಮ್ಮ ತಂಡದಲ್ಲಿ ಓಡಲು ಬರುತ್ತಿದ್ದ ಒಬ್ಬನೇ ಒಬ್ಬ. ಬಿಡುವಿನಲ್ಲಿ ಉಸ್ತಾದರು ಅವನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ತಂಗೀನ ನೋಡಾಕ ಬರೋರು ಅದಾರಂತಲ್ಲ ಇವತ್ತು. ಮನ್ಯಾಗ ಗಂಡಸರು ಯಾರೂ ಇಲ್ಲ. ನೀ ನಡಿ ಬೇಟಾ" ಎಂದು ಮನೆಗೆ ಕಳಿಸಿಬಿಟ್ಟರು. ತಂದೆಯಿಲ್ಲದ ಮನೆ ಅದು. ಶರಣ ಬೂಟು ಬಿಚ್ಚಿ ಸೈಕಲ್ ಹತ್ತಿದ. ಆಮೇಲೆ ಯಲಬುರ್ಗಾದವರು ಮೂರು ಗೋಲು ಹೊಡೆದರು. ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಹುಡುಗನ ಕಡೆಯವರೂ ಯಲಬುರ್ಗಾದವರೇ. ಹೆಣ್ಣು ನೋಡಲು ಹೊರಟವರು ದಾರಿಯಲ್ಲಿ ತಮ್ಮೂರ ತಂಡ ಆಡುವುದನ್ನು ಕಂಡು ಜೀಪು ನಿಲ್ಲಿಸಿ, ಪಂದ್ಯ ಮುಗಿಯುವವರೆಗೂ ನಮ್ಮ ಮೈದಾನದಲ್ಲೇ ಕೂತು ಶಿಳ್ಳೆ ಹೊಡೆದಿದ್ದರು. ಶರಣ ಅತ್ತ ಬಾಗಿಲಲ್ಲಿ ತಂಬಿಗೆ ನೀರು ಹಿಡಿದು ಕಾಯುತ್ತಿದ್ದ.

ಹೆಣ್ಣು ಒಪ್ಪಿಗೆಯಾಯಿತು. ಊರು ಎರಡಾಯಿತು.

ಬಸಣ್ಣನ ಹೋಟೆಲಿನಲ್ಲಿ ಅಲ್ಲಿಯವರೆಗೆ ಎಲ್ಲರೂ ಒಂದೇ ಕಡೆ ಕೂತು ಮಿರ್ಚಿ ತಿನ್ನುತ್ತಿದ್ದೆವು. ಮರುದಿನದಿಂದ ಗಲ್ಲಾದ ಎಡಕ್ಕೆ 'ಸಾಕು ಪಾರ್ಟಿ', ಬಲಕ್ಕೆ 'ಇರ್ಲಿ ಪಾರ್ಟಿ'. ಉಸ್ತಾದರು ಇನ್ನು ಸಾಕು ಎನ್ನುವವರು ಫುಟ್‌ಬಾಲ್ ವಿಜ್ಞಾನ ಮಾತಾಡುತ್ತಿದ್ದರು, ಇರಲಿ ಎನ್ನುವವರು ಮಾನ ಮರ್ಯಾದೆ ಮಾತಾಡುತ್ತಿದ್ದರು. ಪಂದ್ಯಕ್ಕೆ ಎಂದೂ ಬಾರದವರು ಎರಡೂ ಕಡೆ ಮುಂದಿನ ಸಾಲಿನಲ್ಲಿದ್ದರು. ಮೊಬೈಲಿನ ವಾಟ್ಸಾಪ್ ಗುಂಪು ಒಡೆದು ಎರಡಾಯಿತು. ಆಚೆಯವರು ಏನು ಬರೆಯುತ್ತಾರೆಂಬ ಆಸೆಗೆ ಎಲ್ಲರೂ ಎರಡರಲ್ಲೂ ಉಳಿದುಕೊಂಡರು. ಹಿಂದೂ ಮುಸ್ಲಿಂ ಎಂದು ಜಗಳ ತಿರುಗೀತೇನೋ ಎಂದು ಹೊರಗಿನ ಕೆಲವರು ಆಸೆಯಿಂದ ಕಾದರು. ಆದರೆ ಉಸ್ತಾದರ ಸ್ವಂತ ಅಳಿಯ ಸಾಕು ಪಾರ್ಟಿಯ ಮುಖಂಡ, ನಮ್ಮ ಮಠದ ಪೂಜೆಯ ಸ್ವಾಮಿಗಳು ಇರ್ಲಿ ಪಾರ್ಟಿ. ಕಾದವರು ಬೇಜಾರಾಗಿ ಎದ್ದು ಹೋದರು. ಜನ್ಮದಲ್ಲಿ ಒಂದು ಪಂದ್ಯವನ್ನೂ ನೋಡದ ನನ್ನ ಹೆಂಡತಿಯೂ ಪಕ್ಷ ಹಿಡಿದಳು. "ತಂದಿ ಇಲ್ಲದ ಹುಡುಗಿ ಲಗ್ನಕ್ಕ ನಿಂತವರನ ತಗೀತಾರಂತ. ತಗದ್ರ ನಿಮ್ಮ ಕಮಿಟಿಯವರಿಗೆ ಈ ಮನ್ಯಾಗ ಚಹಾ ಇಲ್ಲ" ಎಂದಳು.

ಉಸ್ತಾದರು ಮಾತ್ರ ಮಗನ ಜೊತೆ ಕೂತು ಎರಡೂ ಕಡೆಯವರ ಸೈಕಲ್ಲುಗಳಿಗೆ ಪಂಕ್ಚರ್ ಹಾಕುತ್ತಾ ಇದ್ದರು. ಒಂದು ಸಂಜೆ ನಾನು ಅಂಗಡಿ ಮುಂದೆ ಹೋದಾಗ ತಲೆ ಎತ್ತದೆ, "ಮೈದಾನಕ್ಕ ಬರಬ್ಯಾಡ ಅಂತಾರೇನೋ ನನಗ?" ಎಂದು ಕೇಳಿದರು. ದನಿ ಸಣ್ಣದಾಗಿತ್ತು. "ಹಂಗ ಯಾರು ಅಂತಾರ್ರಿ" ಎಂದು ಹೇಳಿ ಬಂದೆ.

ಅನ್ನುವವರು ಇದ್ದರು. ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈಸ್ ಮಿಲ್ಲಿನ ಸುಬ್ಬಾರಾಯರು ಆಗ ಕ್ಲಬ್ಬಿನ ಅಧ್ಯಕ್ಷರು, ಜರ್ಸಿ ಕೊಡಿಸುವವರೂ ಅವರೇ. ಬಳ್ಳಾರಿಯಿಂದ ಸೀಟಿ, ಲ್ಯಾಪ್‌ಟಾಪು ಇರುವ ಹೊಸ ಕೋಚನ್ನು ಗೊತ್ತು ಮಾಡಿಟ್ಟಿದ್ದರು. ಕಮಿಟಿ ಕೂತಿತು, ತೊಡಕು ಎದ್ದಿತು. ಉಸ್ತಾದರನ್ನು ಯಾರೂ ಎಂದೂ ನೇಮಿಸಿರಲಿಲ್ಲ. ನೇಮಿಸದವರನ್ನು ತೆಗೆಯುವುದು ಹೇಗೆ? ಮೊದಲು ನೇಮಿಸಿ ಆಮೇಲೆ ತೆಗೆಯೋಣ ಎಂದು ಒಬ್ಬರು ಸೂಚಿಸಿದರು, ಮತ್ತೊಬ್ಬರು ಅನುಮೋದಿಸಿದರು. ಎದುರಿಗೆ ಹೋಗಿ ಹೇಳುವವರು ಯಾರು ಎಂದಾಗ ಎಲ್ಲರೂ ಫ್ಯಾನು ನೋಡಿದರು. ಅಷ್ಟರಲ್ಲಿ ಸುಬ್ಬಾರಾಯರಿಗೆ ದಾರಿ ಹೊಳೆಯಿತು. "ಸನ್ಮಾನ ಮಾಡ್ಬಿಡೋಣ ಕದಾ. ಶಾಲು ಹಾಕಿದ ಮೇಲೆ ಅವ್ರಿಗೇ ಅರ್ಥ ಆಗುತ್ತೆ."

ಇದು ನಮ್ಮ ಕಡೆಯ ಹಳೆಯ ವಿದ್ಯೆ. ಸಂಘ, ಸಂಸ್ಥೆ, ಗುಡಿಯ ಕಮಿಟಿ, ಎಲ್ಲಿಯಾದರೂ ಸರಿ, ಬೇಡವಾದವರಿಗೆ ಬೇಡ ಎನ್ನುವುದಿಲ್ಲ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಎರಡೂ ಕೈ ತುಂಬಿರುವಾಗ ಮೆಟ್ಟಿಲು ಇಳಿಸುತ್ತೇವೆ. ಹೀಗೆ ಇಳಿದವರನ್ನು ನಾನು ಬಹಳ ಮಂದಿ ಬಲ್ಲೆ, ಶಾಲು ಅಳೆದು ಕೊಟ್ಟವನೇ ನಾನಲ್ಲವೇ. ಈ ಸಲವೂ ಶಾಲು ನನ್ನ ಅಂಗಡಿಯದೇ. ಸಾಕು ಪಾರ್ಟಿ ಒಂದು ಒಯ್ದಿತು. ತಮ್ಮ ಪ್ರೀತಿಯ ಉಸ್ತಾದರಿಗೆ ತಮ್ಮದೂ ಒಂದಿರಲಿ ಎಂದು, ಒಳಗಿನ ಗುಟ್ಟು ಗೊತ್ತಿಲ್ಲದ ಇರ್ಲಿ ಪಾರ್ಟಿಯವರು ಅದಕ್ಕಿಂತ ದೊಡ್ಡದನ್ನು ಒಯ್ದರು.

ಸಮಾರಂಭ ಮೈದಾನದಲ್ಲೇ ನಡೆಯಿತು. ಮೈಕು ಕೈಗೆ ಸಿಕ್ಕರೆ ನಮ್ಮವರು ಕಡಿಮೆ ಮಾತಾಡಿದ್ದುಂಟೇ? ತೆಗೆಯಬೇಕೆಂದವರೇ ಹೆಚ್ಚು ಹೊಗಳಿದರು. ಅಳಿಯನಂತೂ ಗದ್ಗದಿತನಾದ. ಕೊನೆಗೆ ಸುಬ್ಬಾರಾಯರು, "ಉಸ್ತಾದ್ ಇಲ್ಲದೆ ಗಂಗಾವತಿ ಫುಟ್‌ಬಾಲೇ ಇಲ್ಲ" ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ.

ಎರಡು ಶಾಲು ಹೊದ್ದು ಬೆವರುತ್ತಿದ್ದ ಉಸ್ತಾದರು ಎದ್ದರು. ಮೈಕು ಹಿಡಿದು ಎಲ್ಲರನ್ನೂ ಒಮ್ಮೆ ನೋಡಿದರು. "ನಾ ಏನೋ ಬ್ಯಾರೆ ಕೇಳಿದ್ದೆ. ಇಷ್ಟು ಮಂದಿಗೆ ನಾ ಬೇಕು ಅಂತ ಗೊತ್ತಿರಲಿಲ್ಲ. ಹಂಗಾರ ನಾಳಿಂದ ಒಂದು ತಾಸು ಮೊದಲ ಬರ್ತೀನ್ರಿ" ಎಂದು ಕೂತರು. ಇರ್ಲಿ ಪಾರ್ಟಿ ಶಿಳ್ಳೆ ಹೊಡೆಯಿತು. ಸಾಕು ಪಾರ್ಟಿಯೂ, ಬೇರೆ ದಾರಿ ಕಾಣದೆ, ಚಪ್ಪಾಳೆ ತಟ್ಟಿತು.

ಮರುದಿನ ಏನಾಗುತ್ತದೆಂದು ನೋಡಲು ನಾನೂ ನಸುಕಿನಲ್ಲಿ ಎದ್ದು ಹೋದೆ. ಉಸ್ತಾದರು ಶಾಲು ಹೊದ್ದು ಕೂತು ಚೆಂಡಿಗೆ ಗಾಳಿ ಹೊಡೆಯುತ್ತಿದ್ದರು. "ಶಾಲು ಭಾಳ ಛಲೋ ಐತಿ ಬೇಟಾ. ಮುಂಜಾನಿ ಥಂಡಿಗೆ ಆಗತೈತಿ" ಎಂದರು. ಆಚೆ ಸುಬ್ಬಾರಾಯರು ಬಳ್ಳಾರಿಯ ಕೋಚನ್ನು ಕರೆದುಕೊಂಡು ಬಂದರು, ಉಸ್ತಾದರನ್ನು ಕಂಡು ಕಾರಿನಲ್ಲೇ ಉಳಿದರು. ಹಿಂದಿನ ರಾತ್ರಿ ತಾವೇ ಆಡಿದ ಮಾತು ಇನ್ನೂ ಬಿಸಿಯಾಗಿತ್ತು. ಹೊಸ ಹುಡುಗ ಪಾಪ, ಸೀಟಿ ಕೊರಳಲ್ಲಿಟ್ಟುಕೊಂಡು ಬಂದು ನಿಂತ. ಉಸ್ತಾದರು ಅವನ ಕೈಗೆ ಚೆಂಡು ಕೊಟ್ಟು, "ಒತ್ತಿ ನೋಡು ಬೇಟಾ, ಗಾಳಿ ಸಾಕೇನು?" ಎಂದರು. ಅವನು ಒತ್ತಿ ನೋಡಿದ. "ಸಾಕ್ರೀ" ಎಂದ. ಅಲ್ಲಿಗೆ ಮುಗಿಯಿತು. ಆಮೇಲೆ ಅವರಿಬ್ಬರೂ ಸೇರಿ ತಂಡ ನಡೆಸಿದರು. ಕೊಪ್ಪಳದವರ ಕೈಯಲ್ಲಿ ಸೋಲಲು ಮೊದಲು ಒಬ್ಬ ಕೋಚು ಸಾಕಾಗುತ್ತಿತ್ತು, ಆಮೇಲೆ ಇಬ್ಬರು ಬೇಕಾದರು.

ಮುಖಭಂಗವಾದ ಸುಬ್ಬಾರಾಯರು ರಾಜೀನಾಮೆ ಕೊಟ್ಟರು. ಎರಡೂ ಪಾರ್ಟಿಗೆ ಒಪ್ಪಿಗೆಯಾಗುವ ಅಧ್ಯಕ್ಷರು ಬೇಕಿತ್ತು. ಇಬ್ಬರಿಗೂ ಶಾಲು ಮಾರಿದವನು ಊರಿನಲ್ಲಿ ನಾನೊಬ್ಬನೇ, ಹಾಗಾಗಿ ನಾನಾದೆ. ಉಸ್ತಾದರು ಹೋದ ವರ್ಷ ತೀರಿಕೊಂಡರು. ಅದರ ಹಿಂದಿನ ವಾರದವರೆಗೂ ಚೆಂಡು ಗಟ್ಟಿಯಾಗಿತ್ತು. ಮುಗ್ಧ ಮನುಷ್ಯ, ಸನ್ಮಾನವೆಂದರೆ ಏನೆಂದು ಕೊನೆಗೂ ತಿಳಿಯಲಿಲ್ಲ ಎಂದು ನಾವೆಲ್ಲ ಬಸಣ್ಣನ ಹೋಟೆಲಿನಲ್ಲಿ ಅನ್ನುತ್ತಿದ್ದೆವು. ನಾನಂತೂ ನಿನ್ನೆ ಮಧ್ಯಾಹ್ನದವರೆಗೂ ಹಾಗೇ ನಂಬಿದ್ದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಂಜು ಬಂದದ್ದು, ಶಾಲು ಒಯ್ದದ್ದು, ನನ್ನ ಮೈಮೇಲೆ ಹಾಕಿಸಿ ನೋಡಿದ್ದು ಎಲ್ಲ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಯಾವ ದೊಡ್ಡೋರಿಗಂತ?"

"ಕೇಳಲಿಲ್ಲ."

"ನಿಮಗ ರೀ ಅದು" ಎಂದಳು. ಬಾಯಿಗೆ ಸೆರಗು ಹಿಡಿದು ನಗಲು ಹತ್ತಿದಳು. "ಅಳತಿ ತಗೊಂಡು ಹೋಗ್ಯಾನ."

ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದೆ. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ, ಅಳುವೂ ಬಂತು. ನನ್ನ ಅಂಗಡಿಯ ಶಾಲು, ನಾನೇ ಆರಿಸಿದ್ದು, ಅದೂ ಛಲೋದನ್ನೇ ನೋಡಿ. ಶಾಲು ಹೆಗಲಿಗೆ ಬೀಳುವುದಕ್ಕೂ ಮುಂಚೆಯೇ ಅದರ ಅರ್ಥ ನನಗೆ ಪೂರ್ತಿ ಆಗಿಬಿಟ್ಟಿತ್ತು. ಅರ್ಥವಾಗದೆ ಇರಲು ಸಾಧ್ಯವೇ ಇಲ್ಲ. ಹಾಗಾದರೆ ಉಸ್ತಾದರಿಗೆ ಅರ್ಥವಾಗಿರಲಿಲ್ಲವೇ? ಮೈಕು ಹಿಡಿದು ಎಲ್ಲರ ಮುಖ ಒಮ್ಮೆ ನೋಡಿದ್ದರಲ್ಲ, ಅಷ್ಟರಲ್ಲೇ ಪೂರಾ ಅರ್ಥ ಮಾಡಿಕೊಂಡಿದ್ದರು. ತಿಳಿದೂ ಮರುದಿನ ಬಂದರು. ಮುಗ್ಧರು ನಾವು.

ಸರಿ, ನಾನೂ ಹಾಗೇ ಮಾಡುತ್ತೇನೆ ಎಂದು ಕೈ ತೊಳೆಯುತ್ತಾ ನಿಶ್ಚಯಿಸಿದೆ. ಸನ್ಮಾನವಾಗಲಿ, ಮರುದಿನ ಹೋಗಿ ಕುರ್ಚಿಯಲ್ಲಿ ಕೂತೇ ಬಿಡುತ್ತೇನೆ, ಯಾರು ಏಳಿಸುತ್ತಾರೆ ನೋಡೋಣ. ಆದರೆ ಊಟವಾದ ಮೇಲೆ ಹಾಸಿಗೆಗೆ ಒರಗಿದಾಗ ನಿದ್ದೆ ಬರಲಿಲ್ಲ. ಉಸ್ತಾದರು ಮರುದಿನ ಬಂದಾಗ ಬಗಲಲ್ಲಿ ಚೆಂಡಿತ್ತು, ಕೈಯಲ್ಲಿ ಪಂಪಿತ್ತು. ಅದಕ್ಕೇ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ನಾನು ಏನು ಹಿಡಿದುಕೊಂಡು ಹೋಗಲಿ? ಇಷ್ಟು ವರ್ಷ ನಾನು ಆ ಮೈದಾನಕ್ಕೆ ಮಾಡಿದ ಕೆಲಸ ಏನು ಎಂದು ನೆನಪಿಸಿಕೊಳ್ಳಲು ನೋಡಿದೆ. ಮೀಟಿಂಗು ಬಿಟ್ಟು ಬೇರೆ ಏನೂ ನೆನಪಾಗಲಿಲ್ಲ.

ಎದ್ದು ಅಡುಗೆಮನೆಗೆ ಹೋಗಿ, "ಮೊಮ್ಮಗನ ಸೈಕಲ್ ಪಂಪು ಎಲ್ಲಿ ಇಟ್ಟೀಯ?" ಎಂದು ಕೇಳಿದೆ.

"ಅಟ್ಟದ ಮ್ಯಾಲ ಐತಿ. ಈಗ್ಯಾಕ ಅದು?"

"ಬಾಲಿನಾಗ ಗಾಳಿ ಇಲ್ಲಂತ. ಸನ್ಮಾನದ ಮರುದಿನ ಮುಂಜಾನಿ ಬೇಕಾಗತೈತಿ."

ಅವಳು ಈ ಸಲ ನಗಲಿಲ್ಲ. ಸ್ಟೂಲು ತಂದು ಅಟ್ಟದ ಕೆಳಗೆ ಇಟ್ಟು, ನಾನು ಹತ್ತುವಾಗ ಅಲುಗದಂತೆ ಹಿಡಿದುಕೊಂಡಳು.