ಗಣಿ ಸಾಹುಕಾರನ ಮಗನಿಗೆ ಪುಟ್ಟ ದ್ವೀಪ

ಬೆಳಗಿನ ಮೊದಲ ತರಗತಿಗೆ ಬರುವಷ್ಟರಲ್ಲಿ ನಮ್ಮ ಸರ್ ಅವರ ಬಿಳಿ ಹುಬ್ಬುಗಳು ಕೆಂಪಾಗಿರುತ್ತಿದ್ದವು. ಕುರುಗೋಡಿನಿಂದ ಬಳ್ಳಾರಿಗೆ ಮೊಪೆಡ್ ಮೇಲೆ ಬರುವವರು. ಊರು ಹತ್ತಿರವಾದಂತೆ ಅದಿರು ಲಾರಿಗಳ ಹಿಂದೆ ಸಿಕ್ಕಿಕೊಳ್ಳುತ್ತಿದ್ದರು. ಮುಖ ತೊಳೆದರೂ ಹುಬ್ಬಿನ ಧೂಳು ಹೋಗುತ್ತಿರಲಿಲ್ಲ. ಹುಬ್ಬು ಆಗಲೇ ಬೆಳ್ಳಗಾಗಿತ್ತೇ, ಅವರ ಕೊನೆಗಾಲದಲ್ಲಿ ಕಂಡದ್ದನ್ನು ನಾನೇ ಹಿಂದಕ್ಕೆ ಅಂಟಿಸುತ್ತಿದ್ದೇನೆಯೇ, ಹೇಳಲಾರೆ. ಧೂಳಂತೂ ನಿಜ. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಉಗುಳಿದರೆ ಉಗುಳೂ ಕೆಂಪು.

ಗಾಂಧಿನಗರದ ಒಂದು ಖಾಸಗಿ ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರದ ಸರ್. ಎಷ್ಟೋ ವರ್ಷಗಳಿಂದ ತಾತ್ಕಾಲಿಕ. ಪ್ರತಿ ಜೂನ್‌ನಲ್ಲೂ ಆಡಳಿತ ಮಂಡಳಿ ಕಾಯಂ ಮಾಡುವ ಮಾತಾಡುತ್ತಿತ್ತು, ಆಮೇಲೆ ಮರೆಯುತ್ತಿತ್ತು. ನಾನು ಕೊನೆಯ ವರ್ಷದಲ್ಲಿದ್ದಾಗ ಮಾತ್ರ ಆದೇಶ ಸಿದ್ಧವಾಗಿದೆ, ಸಹಿಯೊಂದು ಬಾಕಿ ಎಂಬ ಸುದ್ದಿ ಹಬ್ಬಿತ್ತು. ಆ ಸಹಿಗೆ ಮುನ್ನವೇ ಅವರ ಸಭೆ ಬಂತು.

ಮಾನವ ಹಕ್ಕುಗಳ ದಿನದಂದು ವಿದ್ಯಾರ್ಥಿಗಳಿಂದ ವಿಶ್ವಸಂಸ್ಥೆಯ ಅಣಕು ಸಭೆ ನಡೆಸುವುದು ಅವರ ಹುಚ್ಚು. ಬೇರೆ ಕಡೆ ಇಂಗ್ಲಿಷ್ ಬಲ್ಲವರಿಗೆ, ಶ್ರೀಮಂತರ ಮಕ್ಕಳಿಗೆ ದೊಡ್ಡ ದೇಶ. ಇವರದು ತಿರುವುಮುರುವು. ಊರಲ್ಲಿ ಯಾರ ಮಾತು ನಡೆಯುತ್ತದೋ ಅವರಿಗೆ ಜಗತ್ತಿನಲ್ಲಿ ಯಾರೂ ಕೇಳದ ದೇಶ. ಕಂಟೋನ್ಮೆಂಟ್ ಕಡೆಯಿಂದ ಬರುತ್ತಿದ್ದ, ಜೀನ್ಸ್ ಹೊಲಿಯುವವರ ಮಗಳಿಗೆ ಚೀನಾ. ಗಣಿ ಸಾಹುಕಾರರ ಮಗನಿಗೆ ಟುವಾಲು, ಸಮುದ್ರ ನುಂಗುತ್ತಿರುವ ಪುಟ್ಟ ದ್ವೀಪ ದೇಶ. ಯಾರಿಗೂ ವಿಟೋ ಇಲ್ಲ. ಯಾರು ಯಾವ ಭಾಷೆಯಲ್ಲಾದರೂ ಮಾತಾಡಬಹುದು. ತೆಲುಗು, ಉರ್ದು ಎರಡೂ ಬರುತ್ತಿದ್ದ ನಾನು ಅನುವಾದಕ. ಅನುವಾದಕನಿಗೆ ಮತವಿಲ್ಲ.

ಹುಡುಗ ಗೊಣಗಿದ: "ಸರ್, ಈ ದೇಶ ನಕಾಶೆದಾಗ ಕಾಣಂಗೇ ಇಲ್ರಿ."

"ನೀ ಎದ್ದು ನಿಂತು ಮಾತಾಡು, ಕಾಣತೈತಿ," ಎಂದರು ಸರ್.

ಚೀನಾ ಹಿಂದಿನಿಂದ ಕಿಚಾಯಿಸಿದಳು: "ಲೇ ಟುವಾಲು, ಕಾಲು ಮ್ಯಾಲೆತ್ತಿ ಕುಂದ್ರಲೇ, ಸಮುದ್ರ ಬಂತು."

ಸಭೆಯ ದಿನದ ಮುಖ್ಯ ಅತಿಥಿ, ಊಟದ ದಾನಿ ಎರಡೂ ಆ ಹುಡುಗನ ತಂದೆಯೇ. ಹಿಂದಿನ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿ ತರಗತಿಗೇ ಬಂದರು. "ಸರ್ರ, ಹುಡುಗಗ ಅಮೆರಿಕಾ ಕೊಡ್ರಿ. ಊಟ ಅವರಪ್ಪಂದೈತಿ."

"ಊಟ ಅವರದೇ ಇರ್ಲಿ ಬಿಡ್ರಿ. ಭೂಗೋಳ ಅವರದಲ್ಲ."

"ನಿಮ್ಮ ಆರ್ಡರ್ ನನ್ನ ಟೇಬಲ್ ಮ್ಯಾಲೆ ಐತಿ, ನೆನಪೈತೋ ಇಲ್ಲೋ?"

"ದಿನಾ ನೆನಪು ಮಾಡ್ತೀರಲ್ರಿ. ಹ್ಯಾಂಗ ಮರೀಲಿ?"

ಸಭೆಯ ಮುಂದಿದ್ದ ನಿರ್ಣಯ ಒಂದೇ: ಯಾವ ನೆಲವನ್ನೇ ಅಗೆಯಲಿ, ಎಷ್ಟೇ ದೊಡ್ಡ ದೇಶ ಅಗೆಯಲಿ, ಮೊದಲು ಆ ನೆಲದ ಜನರನ್ನು ಕೇಳಬೇಕು. ಹುಡುಗ ಎದ್ದು ನಿಂತ. ಬರೆದುಕೊಂಡು ಬಂದಿರಲಿಲ್ಲ. ಮನೆಮಾತು ತೆಲುಗಿನಲ್ಲಿ ಶುರುಮಾಡಿದ. ದ್ವೀಪ ಮರೆತು ಇನ್ನೇನನ್ನೋ ಹೇಳತೊಡಗಿದ. "ಅಗೆದವರು ಹೊತ್ತುಕೊಂಡು ಹೋದರು. ನಮಗೆ ಗುಂಡಿ ಬಿಟ್ಟರು. ಆ ಗುಂಡಿಯಲ್ಲಿ ನಿಂತು ಕೂಗಿದರೆ ನಿಮಗೆ ಕೇಳಿಸುತ್ತದೆಯೇ?" ನಾನು ಹೀಗೆ ಕನ್ನಡಿಸಿದೆ ಎಂದು ನೆನಪು. ಎಂ.ಎ. ಓದಿದ ಮೇಲೆ ಈ ವಾಕ್ಯಕ್ಕೆ ನಾನೇ ಒಪ್ಪ ಹಾಕಿರಬಹುದು. ಆದರೆ ಮುಂದಿನ ಸಾಲಿನಲ್ಲಿದ್ದ ತಂದೆಗೆ ನನ್ನ ಅನುವಾದ ಬೇಕಾಗಿರಲಿಲ್ಲ. ನಾನು ಬಾಯಿ ತೆರೆಯುವ ಮುನ್ನವೇ ಅವರ ಮುಖ ಬಿಗಿದುಕೊಂಡಿತ್ತು.

ನಿರ್ಣಯ ಗೆದ್ದಿತು. ಚೀನಾ ಕೂಡ ಚೌಕಾಸಿ ಮಾಡಿ ಮಾಡಿ ಕೊನೆಗೆ ಕೈ ಎತ್ತಿದಳು.

ಸಾಹುಕಾರರು ಕೂತಲ್ಲಿಂದಲೇ ಕೇಳಿದರು: "ಏನ್ ಮೇಷ್ಟ್ರೇ, ನನ್ನ ಮಗನ ಬಾಯಿಂದ ನನಗೇ ಬೈಸಿದ್ರಾ?"

"ನಾ ಒಂದು ಮಾತೂ ಹೇಳಿಕೊಟ್ಟಿಲ್ರಿ. ಅವನ್ನ ಕೇಳ್ರಿ."

ಇಡೀ ಸಭಾಂಗಣ ಹುಡುಗನತ್ತ ತಿರುಗಿತು. ಅವನು ತನ್ನ ಬೂಟು ನೋಡುತ್ತಾ ಕನ್ನಡದಲ್ಲಿ ಹೇಳಿದ: "ಸರ್ ಹೇಳಿಕೊಟ್ಟಿದ್ದು. ನಾ ಬಾಯಿಪಾಠ ಮಾಡಿದ್ದೆ."

ಸರ್ ಅವನನ್ನೇ ನೋಡಿದರು. ಕಾರ್ಯದರ್ಶಿ ಮೈಕು ಕಿತ್ತುಕೊಂಡರು. "ಇದು ಬರೇ ಆಟ ನೋಡ್ರಿ. ಆಟಾನೂ ಸರಿಯಾಗಿ ಆಡೋಣು. ನಿರ್ಣಯ ಬ್ಯಾಡ ಅನ್ನೋರು ಕೈ ಎತ್ರಿ." ಕೈಗಳು ಎದ್ದವು. ಈಗಷ್ಟೇ ಬೇಕೆಂದು ಎತ್ತಿದ ಅವೇ ಕೈಗಳು. ಹಾಗೆ ಎತ್ತಿದ ಕೈಗಳನ್ನೇ ತೊಳೆದು ಎಲ್ಲರೂ ಬಿರಿಯಾನಿಗೆ ನೂಕಾಡಿದರು. ಚೀನಾ ಮಾತ್ರ ಎರಡೂ ಕೈ ಕಟ್ಟಿಕೊಂಡು ಕೂತಿದ್ದಳು. ಊಟಕ್ಕೂ ಏಳಲಿಲ್ಲ.

ಆದೇಶಕ್ಕೆ ಸಹಿ ಬೀಳಲಿಲ್ಲ. ಮುಂದಿನ ತಿಂಗಳಿಂದ ಬರಬೇಡಿ ಎಂದರು. ಸರ್ ಸಿರುಗುಪ್ಪದ ಒಂದು ಟ್ಯುಟೋರಿಯಲ್ ಸೇರಿದರು. ಅಲ್ಲೇ ಸಣ್ಣದೊಂದು ಬಾಡಿಗೆ ಮನೆ. ಒಮ್ಮೆ ಹೋದಾಗ ನಾನು ಹುಡುಗನನ್ನು ಬಾಯಿಗೆ ಬಂದಂತೆ ಬೈದೆ. ಸರ್ ಚಹಾ ಸೋಸುತ್ತಾ ಹೇಳಿದರು: "ಅಪ್ಪನ ಮುಂದ ಸುಳ್ಳು ಹೇಳಿದ, ಖರೆ. ಅದಕ್ಕೂ ಮೊದ್ಲು ಅಪ್ಪನ ಮುಂದನ ಖರೇ ಹೇಳಿದ್ನಲ್ಲಲೇ. ಅದನ್ನ ಯಾಕ ಬಿಡ್ತಿ?"

"ನಿಮ್ಮ ಕೆಲಸ ಹೋತಲ್ರಿ ಸರ್."

"ಹೋತು. ಚಾ ಆರತೈತಿ, ಕುಡಿ."

ಆ ಕ್ಷಮೆ ನನಗೆ ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಆದರೆ ಇಂದು ಯಾವ ಸಭೆಯಲ್ಲೇ ಕೂತರೂ ಯಾರಿಗೆ ಮಾತಾಡಲು ಬಿಟ್ಟಿಲ್ಲ ಎಂದು ಮೊದಲು ಹುಡುಕುವ ಚಟ ನನಗೆ ಅಂಟಿದ್ದು ಅವರಿಂದ.

ಅವರು ಸಿರುಗುಪ್ಪದಲ್ಲೇ ತೀರಿಕೊಂಡರು. ಅವರನ್ನು ಹೊರಗೆ ಹಾಕಿದ ಕಾಲೇಜೇ ಸಂತಾಪ ಸಭೆ ಇಟ್ಟುಕೊಂಡಿತು. ಆ ಹೊತ್ತಿಗೆ ಹುಡುಗ ಆಡಳಿತ ಮಂಡಳಿಯ ಅಧ್ಯಕ್ಷ. ಫ್ಲೆಕ್ಸಿನಲ್ಲಿ ಸರ್ ಮುಖಕ್ಕಿಂತ ಅವನ ಮುಖ ದೊಡ್ಡದು. "ನನಗೆ ಮಾನವ ಹಕ್ಕು ಕಲಿಸಿದ ಗುರುಗಳು," ಎಂದು ಕಣ್ಣೊರೆಸಿಕೊಂಡ. ಆಮೇಲೆ ನನ್ನನ್ನು ಕರೆದ: "ಬರ್ರಿ, ಹಳೇ ಶಿಷ್ಯರು ಎರಡು ಮಾತಾಡ್ರಿ."

ನಾನು ಎಲ್ಲವನ್ನೂ ಹೇಳಿದೆ. ಆ ತೆಲುಗು ಮಾತು ಸರ್ ಹೇಳಿಕೊಟ್ಟದ್ದಲ್ಲ, ಈ ಅಧ್ಯಕ್ಷರ ಸ್ವಂತದ್ದು, ಇವರು ಅದನ್ನು ಅಲ್ಲಗಳೆದದ್ದಕ್ಕೆ ಸರ್ ಕೆಲಸ ಹೋಯಿತು ಎಂದೆ. ಬೇರೆ ಯಾರದೋ ಕಥೆ ಕೇಳುತ್ತಿರುವವನಂತೆ ಅವನು ತಲೆದೂಗುತ್ತಿದ್ದ. ನಾನು ಮುಗಿಸಿದಾಗ ಇಡೀ ಸಭೆ ಅವನತ್ತ ತಿರುಗಿತು.

ಚಪ್ಪಾಳೆ ಶುರುಮಾಡಿದವನು ಅವನೇ. ಆಮೇಲೆ ಎಲ್ಲರೂ ತಟ್ಟಿದರು.